ಅಪ್ಪ-ಅಮ್ಮನಿಗೆ ದೆಹಲಿ ತೋರಿಸಬೇಕು: ಬಸ್ಸೇ, ಗೈಡೇ, ನಾವೇ ಸುತ್ತುವುದೇ?

ಹೇಮಾವತಿ ತೀರ:

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ವಾರ ಅಪ್ಪ, ಅಮ್ಮ ಮತ್ತು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೇನೆ. ಶನಿವಾರ ಬೆಳಿಗ್ಗೆ ತಲುಪುತ್ತೇವೆ, ಮಂಗಳವಾರ ರಾತ್ರಿ ವಾಪಸು ರೈಲು. ನಮ್ಮ ಯಜಮಾನರಿಗೆ ರಜೆ ಸಿಕ್ಕಿಲ್ಲ, ಹಾಗಾಗಿ ಎಲ್ಲವೂ ನನ್ನ ತಲೆಯ ಮೇಲೆ.

ಅಪ್ಪ ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವರು. ಕುತುಬ್ ಮಿನಾರಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಆದರೆ ಇಂದಿಗೂ ಕಣ್ಣಾರೆ ಕಂಡಿಲ್ಲ. ಈಗ ಅವರಿಗೆ 74. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲೆಂದರೆ ಹೆದರುತ್ತಾರೆ.

ಊರಿನ ಏಜೆಂಟರೊಬ್ಬರು ಸೋಮವಾರದ 'ದೆಹಲಿ ದರ್ಶನ' ಬಸ್ಸಿನಲ್ಲಿ ನಾಲ್ಕು ಸೀಟು ಹಿಡಿಯುತ್ತೇನೆ ಎನ್ನುತ್ತಿದ್ದಾರೆ. ಅವರು ಕೊಟ್ಟ ಪಟ್ಟಿಯಲ್ಲಿ ಬಿರ್ಲಾ ಮಂದಿರ, ರಾಷ್ಟ್ರಪತಿ ಭವನ, ಇಂಡಿಯಾ ಗೇಟ್, ತೀನ್ ಮೂರ್ತಿ, ಕುತುಬ್ ಮಿನಾರ್, ಕಮಲ ಮಂದಿರ, ಹುಮಾಯೂನ್ ಗೋರಿ, ರಾಜಘಾಟ್, ಕೆಂಪು ಕೋಟೆ, ಅಕ್ಷರಧಾಮ ಇವೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಮುಗಿಯುತ್ತದಂತೆ. ಬಸ್ಸು ಸಾಕೇ, ಗೈಡ್ ಬೇಕೇ, ಅಥವಾ ಮೆಟ್ರೊದಲ್ಲಿ ನಾವೇ ಸುತ್ತಿಕೊಳ್ಳಬಹುದೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಆರ್.ಕೆ. ಪುರಂ ನಿವಾಸಿ:

ಮೊದಲು ಆ ಸೋಮವಾರದ ಸೀಟು ಬೇಡವೆನ್ನಿ. ಸೋಮವಾರ ಕೆಂಪು ಕೋಟೆಗೆ ರಜೆ, ಕಮಲ ಮಂದಿರಕ್ಕೆ ರಜೆ, ಅಕ್ಷರಧಾಮಕ್ಕೂ ರಜೆ. ತೀನ್ ಮೂರ್ತಿಯ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯವೂ ಅಂದು ಮುಚ್ಚಿರುತ್ತದೆ. ನಿಮ್ಮ ಏಜೆಂಟರ ಪಟ್ಟಿಯಲ್ಲಿ ಅರ್ಧದಷ್ಟನ್ನು ನೀವು ಗೇಟಿನ ಹೊರಗೆ ನಿಂತು ನೋಡಬೇಕಾಗುತ್ತದೆ. ರಾಷ್ಟ್ರಪತಿ ಭವನವನ್ನಂತೂ ಬಸ್ಸಿನವರು ಯಾವ ದಿನವೂ ಒಳಗೆ ತೋರಿಸುವುದಿಲ್ಲ, ರಸ್ತೆಯಿಂದ ಕೈ ತೋರಿಸಿ ಮುಂದೆ ಹೋಗುತ್ತಾರೆ. ಒಳಗೆ ಹೋಗಲು ಅವರ ಜಾಲತಾಣದಲ್ಲಿ ನೀವೇ ಮುಂಚಿತವಾಗಿ ಹೆಸರು ನೋಂದಾಯಿಸಬೇಕು, ಎಲ್ಲರ ಗುರುತಿನ ಚೀಟಿಯೂ ಬೇಕು. ಅಲ್ಲಿ ಕರೆದುಕೊಂಡು ಹೋಗಿ ವಿವರಿಸುವವರು ಅವರದೇ ಸಿಬ್ಬಂದಿ, ಬಹಳ ಚೆನ್ನಾಗಿ ಹೇಳುತ್ತಾರೆ.

ನಾನು ಇಲ್ಲಿಗೆ ಬಂದು 22 ವರ್ಷವಾಯಿತು. ಪ್ರತಿ ಚಳಿಗಾಲದಲ್ಲಿ ಊರಿನಿಂದ ನೆಂಟರು ಬರುತ್ತಾರೆ, ಎಲ್ಲರ ಕೈಯಲ್ಲೂ ಇಂಥದೇ ಹತ್ತು ಜಾಗಗಳ ಪಟ್ಟಿ ಇರುತ್ತದೆ. ನಾನು ಅದರಲ್ಲಿ ಆರನ್ನು ಹೊಡೆದು ಹಾಕುತ್ತೇನೆ. ಮೊದಲ ದಿನ ಮುನಿಸಿಕೊಂಡವರು ಕೊನೆಯ ದಿನ ಒಪ್ಪಿಕೊಳ್ಳುತ್ತಾರೆ.

ನಿಮಗೆ ನನ್ನ ಲೆಕ್ಕ ಹೀಗಿದೆ. ಶನಿವಾರ ಮಧ್ಯಾಹ್ನದವರೆಗೆ ವಿಶ್ರಾಂತಿ, ಸಂಜೆ ಇಂಡಿಯಾ ಗೇಟ್ ಮತ್ತು ಅದರ ಬೆನ್ನಿಗೇ ಇರುವ ರಾಷ್ಟ್ರೀಯ ಯುದ್ಧ ಸ್ಮಾರಕ. ಸ್ಮಾರಕಕ್ಕೆ ಟಿಕೆಟ್ ಇಲ್ಲ. 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರನ್ನು ಅಲ್ಲಿ ಕೆತ್ತಿದ್ದಾರೆ, ದೀಪ ಹಚ್ಚಿದ ಮೇಲೆ ನೋಡಬೇಕು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕೆಂಪು ಕೋಟೆ. ಸೋಮವಾರ ಕುತುಬ್ ಮತ್ತು ಹುಮಾಯೂನ್ ಗೋರಿ, ಇವೆರಡೂ ವಾರದ ಏಳು ದಿನವೂ ತೆರೆದಿರುತ್ತವೆ. ಮಂಗಳವಾರ ರಾಷ್ಟ್ರಪತಿ ಭವನದ ಅಮೃತ ಉದ್ಯಾನ. ಫೆಬ್ರವರಿಯಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ, ಪ್ರವೇಶ ಉಚಿತ. ಅಮ್ಮ ಸಮತಟ್ಟಾದ ದಾರಿಯಲ್ಲಿ ಹೂವು ನೋಡುತ್ತಾ ನಿಧಾನವಾಗಿ ನಡೆಯಬಹುದು. ನೀವು ಬರುವ ತಿಂಗಳು ಒಳ್ಳೆಯದು. ಡಿಸೆಂಬರ್ ಕೊನೆಯಲ್ಲೋ ಜನವರಿಯಲ್ಲೋ ಬಂದಿದ್ದರೆ ಮಂಜಿಗೆ ರೈಲು ಎಷ್ಟು ತಡವಾಗುತ್ತಿತ್ತೋ.

ಅಂಚೆ ಮನೆ ಧಾರವಾಡ:

ಬಸ್ಸನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾನು ಅಂಚೆ ಇಲಾಖೆಯಲ್ಲಿದ್ದವನು. 1994ರಲ್ಲಿ ಎಲ್‌ಟಿಸಿ, ಅಂದರೆ ನೌಕರರಿಗೆ ಸಿಗುವ ಪ್ರವಾಸ ಸೌಲಭ್ಯ, ಪಡೆದು ತಾಯಿ ಮತ್ತು ಮಡದಿಯನ್ನು ದೆಹಲಿಗೆ ಕರೆದುಕೊಂಡು ಹೋಗಿದ್ದೆ. ನನಗೆ ಹಿಂದಿ ಬರುತ್ತಿರಲಿಲ್ಲ. ಆಗ ಮೆಟ್ರೊ ಇರಲಿಲ್ಲ, ಕೈಯಲ್ಲಿ ಮೊಬೈಲ್ ಇರಲಿಲ್ಲ, ಆಟೋದವರು ಮೀಟರ್ ಹಾಕುತ್ತಿರಲಿಲ್ಲ. ಒಂದೇ ಬಸ್ಸು, ಒಂದೇ ದಿನ. ನಮ್ಮ ತಾಯಿ ಕಿಟಕಿಯ ಪಕ್ಕ ಕುಳಿತು ಎಲ್ಲವನ್ನೂ ನೋಡಿದರು. ರಾಜಘಾಟ್‌ನಲ್ಲಿ ಆ ಕಪ್ಪು ಶಿಲೆಯ ಮುಂದೆ ಚಪ್ಪಲಿ ಬಿಟ್ಟು ನಿಂತು, ನಮ್ಮೂರಿಗೆ ಗಾಂಧೀಜಿ ಬಂದಾಗ ಅಜ್ಜ ಕೈಬಳೆ ತೆಗೆಸಿಕೊಟ್ಟ ಕಥೆಯನ್ನು ಹೇಳಿದರು. ಆ ಕಥೆಯನ್ನು ನಾನು ಕೇಳಿದ್ದು ಅದೇ ಮೊದಲು. ನಾವು ಅಲ್ಲಿದ್ದದ್ದು ಹದಿನೈದು ನಿಮಿಷ ಅಷ್ಟೆ. ಸಾಲಲಿಲ್ಲವೆಂದು ಅವರು ಒಂದು ದಿನವೂ ಹೇಳಲಿಲ್ಲ.

ಕೈಯಲ್ಲಿ ನಾಲ್ಕು ಕಾಸು ಇರುವವರು ಗೈಡ್ ಹಿಡಿಯಲಿ, ಕಾರು ಮಾಡಲಿ. ಜೀವನದಲ್ಲಿ ಒಂದೇ ಸಲ ದೆಹಲಿ ಕಾಣುವವರ ಪಾಲಿಗೆ ಬಸ್ಸು ದೊಡ್ಡ ಆಸರೆ.

ಭದ್ರಾ ದಂಡೆ:

ಹಿರಿಯರೇ, ನಿಮ್ಮ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ಹೋದ ವರ್ಷ ನಮಗಾದದ್ದನ್ನೂ ಹೇಳಬೇಕು. ನಾವು ಹೋದ ಬಸ್ಸು ಕುತುಬ್ ಮಿನಾರಿನಲ್ಲಿ ನಿಂತದ್ದು 25 ನಿಮಿಷ, ಅದರಲ್ಲಿ ಹತ್ತು ನಿಮಿಷ ಟಿಕೆಟ್ ಸಾಲಿಗೆ ಹೋಯಿತು. ಆಮೇಲೆ 'ಸರ್ಕಾರಿ ಕರಕುಶಲ ಮಳಿಗೆ' ಎಂದು ಹೇಳಿ ಒಂದು ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಗಂಟೆ ಐದು ನಿಮಿಷ. ಅದು ಸರ್ಕಾರಿ ಮಳಿಗೆಯೂ ಆಗಿರಲಿಲ್ಲ. ಏನೂ ಕೊಳ್ಳದ ನಮ್ಮನ್ನು ಗೈಡ್ ಆಮೇಲೆ ಮಾತನಾಡಿಸಲೇ ಇಲ್ಲ. ನಮ್ಮ ಅತ್ತೆಗೆ ಹುಮಾಯೂನ್ ಗೋರಿ ನೋಡಬೇಕೆಂಬ ಆಸೆಯಿತ್ತು. 'ಹೊತ್ತಾಯಿತು' ಎಂದು ಹೇಳಿ ಬಸ್ಸನ್ನು ಅದರ ಎದುರಿಗೇ ಓಡಿಸಿಕೊಂಡು ಹೋದರು. ಅತ್ತೆ ತಿರುಗಿ ತಿರುಗಿ ನೋಡುತ್ತಿದ್ದರು.

ಬಸ್ಸಿನಲ್ಲಿ ಹೋಗುವುದೇ ಆದರೆ ಯಾವ ಜಾಗದಲ್ಲಿ ಎಷ್ಟು ಹೊತ್ತು, ಅಂಗಡಿಗೆ ನಿಲ್ಲಿಸುತ್ತೀರಾ ಇಲ್ಲವಾ ಎಂಬುದನ್ನು ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ.

ಅಂಚೆ ಮನೆ ಧಾರವಾಡ:

ಇದು ಅನ್ಯಾಯ, ಓದಿ ಬೇಸರವಾಯಿತು. ನಮ್ಮ ಕಾಲದ ಬಸ್ಸಿನಲ್ಲಿ ಅಂಗಡಿಯ ಕಾಟ ಇರಲಿಲ್ಲ. ಬರೆಸಿಕೊಳ್ಳುವ ಸಲಹೆ ಸರಿಯಾಗಿದೆ.

ಕಲ್ಲು ಓದುವವ:

ತಡವಾಗಿ ನೋಡಿದೆ. ನಾನು ದೆಹಲಿಯಲ್ಲಿ 16 ವರ್ಷದಿಂದ ಗೈಡ್ ಕೆಲಸ ಮಾಡುತ್ತಿದ್ದೇನೆ, ಮೂಲ ಶಿವಮೊಗ್ಗದ ಕಡೆ. ಅಂಗಡಿಯ ಕಮಿಷನ್ ವಿಚಾರ ನಿಜ, ನಮ್ಮ ವೃತ್ತಿಗೆ ಅಂಟಿದ ಕಳಂಕ ಅದು. ಅದರಿಂದಲೇ ಮನೆ ನಡೆಸುವವರಿದ್ದಾರೆ. ಹಾಗೆ ಮಾಡದವರೂ ಇದ್ದಾರೆ, ಅಂಥವರನ್ನು ಹುಡುಕಬೇಕಾಗುತ್ತದೆ.

ಹೇಮಾವತಿ ತೀರ ಅವರೇ, ನಿಮ್ಮ ತಂದೆಯವರ ವಿಷಯ ಓದಿ ಇಷ್ಟು ಬರೆಯುತ್ತಿದ್ದೇನೆ. ಎಲ್ಲ ಕಡೆ ಗೈಡ್ ಬೇಡ. ಒಂದೇ ಕಡೆ ಹಿಡಿಯಿರಿ, ಅದು ಕುತುಬ್ ಆಗಿರಲಿ. ಕೆಂಪು ಕೋಟೆಯನ್ನು ಫಲಕ ಓದಿಕೊಂಡು ನೋಡಬಹುದು, ಹುಮಾಯೂನ್ ಗೋರಿ ಕಣ್ಣಿಗೇ ತುಂಬಿಬಿಡುತ್ತದೆ. ಕುತುಬ್ ಆವರಣದಲ್ಲಿ ಮಾತ್ರ ತಿಳಿದವರೊಬ್ಬರು ಪಕ್ಕದಲ್ಲಿ ಇರಬೇಕು. ಜನ 72.5 ಮೀಟರ್ ಎತ್ತರದ ಮಿನಾರನ್ನು ಕತ್ತೆತ್ತಿ ನೋಡಿ, ಫೋಟೊ ತೆಗೆದು, ಕಬ್ಬಿಣದ ಕಂಬದ ಮುಂದೆ ಇನ್ನೊಂದು ಫೋಟೊ ತೆಗೆದು ಹೊರಡುತ್ತಾರೆ. ನೋಡಬೇಕಾದದ್ದು ಇರುವುದು ಕಣ್ಣಿನ ಮಟ್ಟದಲ್ಲಿ.

ಮಿನಾರಿನ ಪಕ್ಕದ ಹಳೆಯ ಮಸೀದಿಯ ಅಂಗಳದ ಕಂಬಗಳ ಹತ್ತಿರ ಹೋಗಿ. 27 ದೇವಾಲಯಗಳ ಸಾಮಗ್ರಿಯಿಂದ ಕಟ್ಟಿದ್ದೆಂದು ಅಲ್ಲಿನ ಪರ್ಷಿಯನ್ ಶಾಸನವೇ ಹೇಳುತ್ತದೆ. ಒಂದು ಕಂಬದ ಎತ್ತರ ಸಾಲದೆ ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿದ್ದಾರೆ, ಸೇರಿಸಿದ ಜಾಗ ಬರಿಗಣ್ಣಿಗೆ ಕಾಣುತ್ತದೆ. ಮೈಮೇಲೆ ಸರಪಳಿಗೆ ತೂಗುಬಿಟ್ಟ ಗಂಟೆಗಳ ಕೆತ್ತನೆ ಇದೆ. ಹಾಸನ ಜಿಲ್ಲೆಯವರಿಗೆ ಕಂಬದ ಭಾಷೆಯನ್ನು ನಾನೇನು ಕಲಿಸುವುದು!

ಅಲ್ಲಿಂದ ದೊಡ್ಡ ಕಮಾನಿನ ಗೋಡೆಯ ಎದುರು ನಿಂತು ಕಲ್ಲು ಜೋಡಿಸಿದ ರೀತಿಯನ್ನು ಗಮನಿಸಿ. ಅದು ಆಕಾರದಲ್ಲಿ ಕಮಾನು, ಕೆಲಸದಲ್ಲಿ ಅಲ್ಲ. ಕಲ್ಲುಗಳನ್ನು ಅಡ್ಡಡ್ಡ ಮಲಗಿಸಿ, ಒಂದೊಂದು ವರಸೆಯನ್ನೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಚಾಚುತ್ತಾ ನಡುವೆ ಕೂಡಿಸಿದ್ದಾರೆ. ಸುಲ್ತಾನರು ಕಮಾನು ಕೇಳಿದರು, ಇಲ್ಲಿನ ಕಲ್ಲುಕುಟಿಗರು ತಮಗೆ ಗೊತ್ತಿದ್ದ ದೇವಾಲಯದ ವಿಧಾನದಲ್ಲಿ ಅದನ್ನು ಮಾಡಿಕೊಟ್ಟರು. ಬೀಸಣಿಗೆಯಂತೆ ಕಲ್ಲು ಹರಡಿದ ನಿಜವಾದ ಕಮಾನು ಬರಲು ಸುಮಾರು ನೂರು ವರ್ಷ ಹಿಡಿಯಿತು. ಅದರ ಸೊಗಸಾದ ರೂಪ ಅದೇ ಆವರಣದ ದಕ್ಷಿಣಕ್ಕಿರುವ ಅಲಾಯಿ ದರ್ವಾಜಾದಲ್ಲಿದೆ. ಕೆಂಪು ಕಲ್ಲು, ಬಿಳಿ ಅಮೃತಶಿಲೆ, ಕಮಾನಿನ ಅಂಚಿಗೆ ತಾವರೆ ಮೊಗ್ಗಿನ ಸಾಲು.

ಈ ದರ್ವಾಜಾ ಕಟ್ಟಿಸಿದವನು ಅಲಾವುದ್ದೀನ್ ಖಿಲ್ಜಿ, ವರ್ಷ 1311. ನಿಮ್ಮ ತಂದೆಯವರಿಗೆ ಇಸವಿಯೊಂದನ್ನೇ ಹೇಳಿ ಸುಮ್ಮನಿರಿ, ಉಳಿದದ್ದನ್ನು ಅವರೇ ಹೇಳುತ್ತಾರೆ. ಆ ವರ್ಷವೇ ಅವನ ಸೇನಾಪತಿ ಮಲಿಕ್ ಕಾಫೂರ್ ದ್ವಾರಸಮುದ್ರಕ್ಕೆ, ಅಂದರೆ ನಿಮ್ಮ ಹಳೇಬೀಡಿಗೆ ಮುತ್ತಿಗೆ ಹಾಕಿದ್ದು, ಮೂರನೇ ವೀರಬಲ್ಲಾಳ ಶರಣಾದದ್ದು. ದಕ್ಷಿಣದ ಸಂಪತ್ತನ್ನು ಹೊತ್ತು ಕಾಫೂರ್ ದೆಹಲಿಗೆ ಮರಳಿದ್ದೂ ಅದೇ ವರ್ಷ. ನಾನು ಎಷ್ಟೋ ದೇಶದವರಿಗೆ ಆ ಬಾಗಿಲು ತೋರಿಸಿದ್ದೇನೆ. ಕನ್ನಡದವರ ಜೊತೆ ಅಲ್ಲಿ ನಿಂತಾಗ ಮಾತ್ರ ನನ್ನ ದನಿಯೇ ಬೇರೆಯಾಗುತ್ತದೆ.

ಹೇಮಾವತಿ ತೀರ:

ಸರ್, ಇದನ್ನು ಓದಿ ಮೈ ಜುಮ್ಮೆಂದಿತು. ಅಪ್ಪನಿಗೆ ಈಗಲೇ ಹೇಳುವುದಿಲ್ಲ. ಸೋಮವಾರ ತಾವೇ ಬಿಡುವಾಗಿದ್ದರೆ ದೊಡ್ಡ ಉಪಕಾರ. ಇಲ್ಲವಾದರೆ ಒಳ್ಳೆಯ ಗೈಡ್ ಯಾರೆಂದು ತಿಳಿಯುವುದು ಹೇಗೆ? ಮಿನಾರಿನ ಒಳಗೆ ಹತ್ತಲು ಬಿಡುತ್ತಾರೆಯೇ ಎಂದು ಮಗ ದಿನವೂ ಕೇಳುತ್ತಿದ್ದಾನೆ.

ಕಲ್ಲು ಓದುವವ:

ಆ ವಾರ ನಾನು ರಾಜಸ್ಥಾನದ ಕಡೆ ಒಂದು ತಂಡದ ಜೊತೆ ಇರುತ್ತೇನೆ, ಕ್ಷಮಿಸಿ. ಕೊರಳಲ್ಲಿ ಭಾವಚಿತ್ರವಿರುವ ಪರವಾನಗಿ ಬಿಲ್ಲೆ ಇದೆಯೇ ನೋಡಿ. ಗೇಟಿಗೆ ಬರುವ ಮೊದಲೇ ರಸ್ತೆಯಲ್ಲಿ ಅಡ್ಡಗಟ್ಟಿ ಕರೆಯುವವರ ಹಿಂದೆ ಹೋಗಬೇಡಿ. ಎಷ್ಟು ಗಂಟೆ, ಎಷ್ಟು ದುಡ್ಡು ಎಂಬುದನ್ನು ಮೊದಲೇ ಮಾತನಾಡಿ. ಕೊನೆಗೆ ಒಂದು ಪರೀಕ್ಷೆ: 'ಬಲ್ಬನ್ ಗೋರಿ ಎಲ್ಲಿದೆ' ಎಂದು ಕೇಳಿ. ಬಲ್ಬನ್ ದೆಹಲಿಯ ಹಳೆಯ ಸುಲ್ತಾನ, ಅವನ ಗೋರಿ ಅಲ್ಲಿಗೆ ಹತ್ತಿರದ ಮೆಹ್ರೌಲಿ ಪುರಾತತ್ವ ಉದ್ಯಾನದಲ್ಲಿರುವ ಪಾಳುಬಿದ್ದ ಕಟ್ಟಡ. ಮೊದಲ ನಿಜವಾದ ಕಮಾನು ಉಳಿದಿರುವುದು ಅಲ್ಲಿ. ಕೇಳಿದೊಡನೆ ಕಣ್ಣರಳಿಸಿದವರನ್ನು ಕರೆದುಕೊಂಡು ಹೋಗಿ, 'ಅಲ್ಲಿ ಏನೂ ಇಲ್ಲ' ಎನ್ನುವವರನ್ನು ಬಿಡಿ.

ಮಿನಾರಿನ ಒಳಗೆ ಬಿಡುವುದಿಲ್ಲ. 1981ರ ಡಿಸೆಂಬರಿನಲ್ಲಿ ದೀಪ ಆರಿ, ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು, ಹೆಚ್ಚಿನವರು ಶಾಲಾ ಮಕ್ಕಳು. ಅಂದು ಮುಚ್ಚಿದ ಬಾಗಿಲು ಇಂದಿಗೂ ಮುಚ್ಚಿದೆ. ಮಗುವಿಗೆ 379 ಮೆಟ್ಟಿಲುಗಳಿವೆ ಎಂದು ಹೇಳಿ, ಕಾರಣವನ್ನು ದೊಡ್ಡವನಾದ ಮೇಲೆ ಹೇಳಬಹುದು.

ಆರ್.ಕೆ. ಪುರಂ ನಿವಾಸಿ:

ಮಗನ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಮಂಗಳವಾರ ಉದ್ಯಾನ ನೋಡಿದ ಮೇಲೆ ಚಾಣಕ್ಯಪುರಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲಿದೆ, 1899ರದ್ದು. ಒಂದೇ ಹಳಿಯ ಮೇಲೆ ಓಡುತ್ತಿದ್ದ ಪಟಿಯಾಲಾ ಸಂಸ್ಥಾನದ ಉಗಿಬಂಡಿಯನ್ನೂ ಇಟ್ಟಿದ್ದಾರೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ತಿಂಗಳಿಗೊಮ್ಮೆ ಹೋಗುತ್ತಿದ್ದೆವು.

ದಾರಿಯಲ್ಲಿ ತೀನ್ ಮೂರ್ತಿ ವೃತ್ತದಲ್ಲಿ ಎರಡು ನಿಮಿಷ ನಿಲ್ಲಿ. ಎಲ್ಲರೂ ಆ ಹೆಸರನ್ನು ಹೇಳುತ್ತಾರೆ, ಮೂರು ಮೂರ್ತಿಗಳು ಯಾರವೆಂದು ಕೇಳುವವರಿಲ್ಲ. ಹೈದರಾಬಾದ್, ಜೋಧಪುರ ಮತ್ತು ನಮ್ಮ ಮೈಸೂರು ಸಂಸ್ಥಾನದ ಅಶ್ವದಳದ ಯೋಧರ ಕಂಚಿನ ಪ್ರತಿಮೆಗಳು ಅವು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ನುಗ್ಗಿ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು. 2018ರಲ್ಲಿ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟರು. ನಾನು ಈ ಊರಿಗೆ ಬಂದ ಹೊಸದರಲ್ಲಿ, ಮನೆ ನೆನಪಾಗಿ ಕಣ್ಣು ತುಂಬುತ್ತಿದ್ದ ದಿನಗಳಲ್ಲಿ, ಬಸ್ಸಿನಿಂದ ಆ ಮೂರ್ತಿಗಳನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ನಮ್ಮ ಕಡೆಯ ಮೆಟ್ರೊ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಮೋತಿ ಬಾಗ್ ಎಂಬ ಹೆಸರಿದೆ. ರೈಲಿನಲ್ಲಿ ಆ ಹೆಸರು ಕೂಗಿದಾಗಲೆಲ್ಲ ಈಗಲೂ ಸಂತೋಷವಾಗುತ್ತದೆ.

ಅಮ್ಮನ ಮಂಡಿಯ ವಿಷಯ: ಹುಮಾಯೂನ್ ಗೋರಿಯ ಜಗಲಿಗೆ ಹತ್ತುವ ಮೆಟ್ಟಿಲುಗಳು ಬಹಳ ಕಡಿದು. ಅವರನ್ನು ಹತ್ತಿಸಬೇಡಿ. ಕೆಳಗೆ ತೋಟದ ನೀರಿನ ಕಾಲುವೆಯ ಪಕ್ಕ ಕುಳಿತರೆ ಕಟ್ಟಡ ಇನ್ನೂ ಚೆನ್ನಾಗಿ ಕಾಣುತ್ತದೆ.

ಸೌಪರ್ಣಿಕಾ:

ಒಂದೇ ಮಾತು ಸೇರಿಸುತ್ತೇನೆ. ಅಮೃತ ಉದ್ಯಾನಕ್ಕೆ ಹೋಗುವಾಗ ವಿಜಯ ಚೌಕದ ಕಡೆಯಿಂದ ಹಾದು ಹೋಗಿ. ದೂರದಿಂದ ಪೂರ್ತಿ ಕಾಣುತ್ತಿದ್ದ ರಾಷ್ಟ್ರಪತಿ ಭವನ ಹತ್ತಿರ ಬಂದಂತೆ ದಿಬ್ಬದ ಹಿಂದೆ ಇಳಿದು, ಗುಮ್ಮಟ ಮಾತ್ರ ಉಳಿಯುತ್ತದೆ. ಭವನವನ್ನು ಕಟ್ಟಿದ ಲುಟ್ಯೆನ್ಸ್‌ಗೂ ಎರಡು ಬದಿಯ ಸಚಿವಾಲಯಗಳನ್ನು ಕಟ್ಟಿದ ಬೇಕರ್‌ಗೂ ಈ ಇಳಿಜಾರಿನ ವಿಷಯದಲ್ಲೇ ಜಗಳವಾಗಿ ಸ್ನೇಹ ಮುರಿಯಿತು. ಮೇಷ್ಟರಿಗೆ ಇದು ಇಷ್ಟವಾಗಬಹುದು.

ಹೇಮಾವತಿ ತೀರ:

ನಿನ್ನೆ ಊರು ತಲುಪಿದೆವು. ಎಲ್ಲರಿಗೂ ಹೇಳಬೇಕು, ಸ್ವಲ್ಪ ಉದ್ದವಾಗುತ್ತದೆ.

ಪಟ್ಟಿಯ ಹತ್ತರಲ್ಲಿ ಒಳಗೆ ಹೋಗಿ ನೋಡಿದ್ದು ಮೂರು. ಅಕ್ಷರಧಾಮ ಬಿಟ್ಟದ್ದಕ್ಕೆ ಅಮ್ಮನಿಗೆ ಸ್ವಲ್ಪ ಬೇಸರವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಮೃತ ಉದ್ಯಾನದಲ್ಲಿ ಅವರು ಎರಡು ಗಂಟೆ ನಡೆದರು, ಮಂಡಿಯ ಮಾತೇ ಎತ್ತಲಿಲ್ಲ. ಮಗನಿಗೆ ಮಹಾರಾಜರ ಬೋಗಿಯನ್ನು ಬಿಟ್ಟು ಬರಲು ಮನಸ್ಸಿರಲಿಲ್ಲ. ರಾಜಘಾಟ್‌ಗೆ ಭಾನುವಾರ ಸಂಜೆ ಹೋದೆವು, ಅದು ಅಂಚೆ ಮನೆಯ ಹಿರಿಯರ ತಾಯಿಯವರನ್ನು ನೆನೆದು.

ಕುತುಬ್‌ನಲ್ಲಿ ಬಲ್ಬನ್ ಪ್ರಶ್ನೆ ಕೇಳಿದೆ. ಮೊದಲನೆಯವರು ಟೋಪಿಯ ಅಂಗಡಿ ತೋರಿಸುತ್ತೇನೆ ಎಂದರು. ಎರಡನೆಯವರು ವಯಸ್ಸಾದ ಒಬ್ಬರು. 'ಬಲ್ಬನ್ ಬಗ್ಗೆ ನಿಮಗೆ ಯಾರು ಹೇಳಿದರು' ಎಂದು ನಿಂತುಬಿಟ್ಟರು. ಅವರನ್ನೇ ಕರೆದುಕೊಂಡು ಹೋದೆವು. ಅವರದು ಹಿಂದಿ, ಅಪ್ಪನದು ಪುಸ್ತಕದ ಇಂಗ್ಲಿಷ್, ನಡುವೆ ನಾನು. ಅರ್ಧ ಗಂಟೆಯ ಮೇಲೆ ನನ್ನ ಅಗತ್ಯ ಇರಲಿಲ್ಲ. ಕಂಬದ ಮೇಲಿನ ಗಂಟೆ ಸರಪಳಿಯ ಮುಂದೆ ಇಬ್ಬರೂ ಬಗ್ಗಿ ನಿಂತು, ಒಬ್ಬರು ತೋರಿಸಿದ್ದನ್ನು ಇನ್ನೊಬ್ಬರು ತಲೆಯಾಡಿಸಿ ಒಪ್ಪುತ್ತಿದ್ದರು. ಒಂದು ಗಂಟೆಗೆಂದು ಮಾತಾಗಿತ್ತು. ಮೂರು ಗಂಟೆ ಇದ್ದರು. ಹೆಚ್ಚಿಗೆ ಕೊಡಲು ಹೋದಾಗ ಮೊದಲು ಬೇಡವೆಂದರು, ಅಮ್ಮ ಚಕ್ಕುಲಿಯ ಡಬ್ಬಿಯನ್ನೂ ಸೇರಿಸಿ ಕೈಗಿಟ್ಟ ಮೇಲೆ ತೆಗೆದುಕೊಂಡರು.

ಅಲಾಯಿ ದರ್ವಾಜಾದ ಎದುರು ನಾನು 'ಅಪ್ಪ, ಇದು 1311' ಎಂದೆ, ಅಷ್ಟೆ. ಅಪ್ಪ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಕಮಾನಿನ ಮೊಗ್ಗುಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ಆಮೇಲೆ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು 'ನಮ್ಮ ಬಲ್ಲಾಳ ಆಗ ಊರಿನಲ್ಲಿ ಇರಲಿಲ್ಲ ಕಣೋ, ಪಾಂಡ್ಯರ ಜಗಳಕ್ಕೆ ತಮಿಳು ಸೀಮೆಗೆ ಹೋಗಿದ್ದ' ಎಂದು ಶುರು ಮಾಡಿದರು. ಹತ್ತಿರದಲ್ಲಿದ್ದ ಯಾವುದೋ ಊರಿನ ಕಾಲೇಜು ಹುಡುಗರು ಭಾಷೆ ತಿಳಿಯದಿದ್ದರೂ ನಿಂತು ಕೇಳಿದರು. ನಿವೃತ್ತರಾದ ಮೇಲೆ ಅಪ್ಪ ಪಾಠ ಮಾಡಿದ್ದನ್ನು ನಾನು ನೋಡಿದ್ದು ಅಂದೇ.

ಕಲ್ಲು ಓದುವವರಿಗೆ ಅಪ್ಪನದೊಂದು ಪ್ರಶ್ನೆ ಇದೆ. ಬೇಲೂರಿನಲ್ಲಿ ದಾಸೋಜ, ಚಾವಣ ಎಂದು ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಇಲ್ಲಿನ ಕೆಲಸಗಾರರು ಯಾರೂ ಹೆಸರು ಬಿಡಲಿಲ್ಲವೇ?

ಕಲ್ಲು ಓದುವವ:

ಮೇಷ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಬಿಟ್ಟಿದ್ದಾರೆ. ಸಿಡಿಲು ಬಡಿದು ಕೆಟ್ಟ ಮಿನಾರನ್ನು ಫಿರೋಜ್ ಷಾ ತುಘಲಕ್ 1368-69ರಲ್ಲಿ ರಿಪೇರಿ ಮಾಡಿಸಿದಾಗ, ಆ ಕೆಲಸ ಮಾಡಿದವರು ನಾಗರಿ ಲಿಪಿಯಲ್ಲಿ ತಮ್ಮ ಹೆಸರು ಬರೆದು, ಇದು ವಿಶ್ವಕರ್ಮನ ಪ್ರಸಾದದಿಂದ ಆಯಿತು ಎಂದು ಕೆತ್ತಿದ್ದಾರೆ. ಅದು ಮೇಲಿನ ಅಂತಸ್ತಿನಲ್ಲಿದೆ. ಮೆಟ್ಟಿಲು ಮುಚ್ಚಿರುವುದರಿಂದ ನಾನೂ ನೋಡಿಲ್ಲ, ಓದಿ ಬಲ್ಲೆ ಅಷ್ಟೆ.